23 ಮೀನುಗಳ ಲೆಕ್ಕ: ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,

ನಮಸ್ಕಾರ. ಈ ಪತ್ರದಲ್ಲಿ ಊರಿನ ಹೆಸರನ್ನಾಗಲಿ ವಾರ್ಡ್ ನಂಬರನ್ನಾಗಲಿ ಹಾಕಿಲ್ಲ. ಓದಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಯಾರೋ ಒಬ್ಬ ಇಂಜಿನಿಯರ್ ಹೆಸರು ಎಳೆದು ತಂದು ಅವರ ಮನೆಯವರಿಗೆ ಮುಜುಗರ ಮಾಡುವುದು ನನಗೆ ಬೇಕಾಗಿಲ್ಲ. ಕಾಲುವೆ ಗೋಡೆಯ ಮೇಲೆ ನಾವು ಬರೆದಿದ್ದ, ಪಾಲಿಕೆಯವರು ಸುಣ್ಣ ಬಳಿದು ಅಳಿಸಿದ 23 ಮೀನುಗಳು ವಾಪಸ್ ಬರಬೇಕು, ಆಮೇಲೆ ಅವು ಒಂದೊಂದಾಗಿ ಬದುಕಬೇಕು, ಇಷ್ಟೇ ನನ್ನ ಆಸೆ. ವಿವರವಾಗಿ ಹೇಳಿದರೆ ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಾನು ಡ್ರಾಯಿಂಗ್ ಟೀಚರ್. ಹುಟ್ಟಿದ್ದು ಸಾಗರದ ಕಡೆ. ನಮ್ಮಜ್ಜಿ ಮದುವೆ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆ, ಅರೆದ ಅಕ್ಕಿಯ ಬಿಳಿ, ಕರಕಲಾಗುವ ತನಕ ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತಂದದ್ದು ಅಂತ ಒಂದೂ ಇಲ್ಲ. ನಾನು ಮುಂದೆ ಕಾಲೇಜಿನಲ್ಲಿ ಏನೇನೋ ಕಲಿತೆ, ಆದರೆ ಗೋಡೆ ಅಂದರೆ ಊರಿಗೆಲ್ಲ ಸೇರಿದ್ದು, ಅದರ ಮೇಲೆ ಬರೆಯುವುದು ಒಬ್ಬರ ಕೆಲಸ ಅಲ್ಲ, ನಾಲ್ಕು ಜನ ಕೂತು ಮಾತಾಡಿಕೊಂಡು ಬರೆಯುವುದು ಅನ್ನುವುದನ್ನು ಕಲಿತದ್ದು ಅಜ್ಜಿಯಿಂದಲೇ.

ನಮ್ಮ ಶಾಲೆಯ ಹಿಂದೆ ರಾಜಕಾಲುವೆ ಇದೆ. ಅದು ಮಳೆನೀರಿಗೆ ಕಟ್ಟಿದ ಕಾಲುವೆ, ಸೀದಾ ಕೆರೆಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಬೇಸಿಗೆಯ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕೆರೆಯ ತುಂಬ ಮೀನು ಸತ್ತು ತೇಲಿದವು. ಮಕ್ಕಳು ಮೂಗು ಮುಚ್ಚಿಕೊಂಡು ಶಾಲೆಗೆ ಬಂದರು. ಐದನೇ ಕ್ಲಾಸಿನ ಒಬ್ಬಳು ಹುಡುಗಿ ಕೇಳಿದಳು: "ಟೀಚರ್, ಮೀನು ನೀರಲ್ಲೇ ಇರುತ್ತಲ್ವಾ, ಅದಕ್ಕೆ ಉಸಿರು ಹೇಗೆ ಕಟ್ಟುತ್ತೆ?"

ಒಳ್ಳೆಯ ಪ್ರಶ್ನೆ. ನಮ್ಮ ವಿಜ್ಞಾನದ ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದರು. ಮನೆಗಳ ಕೊಳಚೆ ನೀರು ಕೆರೆಗೆ ಸೇರಿದರೆ ಅದರಲ್ಲಿರುವ ಸಾರಕ್ಕೆ ಪಾಚಿ, ಕಳೆ ಎಲ್ಲ ಹುಲುಸಾಗಿ ಬೆಳೆಯುತ್ತವೆ. ಕೊಳೆಯುವ ಗಲೀಜು ನೀರಿನೊಳಗಿನ ಆಮ್ಲಜನಕವನ್ನು ತಿನ್ನುತ್ತದೆ. ಹಗಲಲ್ಲಿ ಪಾಚಿ ಸ್ವಲ್ಪ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡಲು ತೆಗೆದುಕೊಳ್ಳುತ್ತದೆ, ಹಾಗಾಗಿ ಬೆಳಗಿನ ಜಾವಕ್ಕೆ ನೀರಲ್ಲಿ ಏನೂ ಉಳಿದಿರುವುದಿಲ್ಲ. ಅದರ ಮೇಲೆ ಮೊದಲ ಮಳೆ ಬಂದರೆ ತಿಂಗಳುಗಟ್ಟಲೆ ಕಾಲುವೆಯ ತಳದಲ್ಲಿ ಕೂತ ಹೂಳೆಲ್ಲ ಒಂದೇ ಸಲ ಕೆರೆಗೆ ಬಂದು ಬೀಳುತ್ತದೆ. ನಮ್ಮೂರಲ್ಲಿ ಮಾತ್ರ ಆಗುವುದಲ್ಲ ಇದು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಬೆಳ್ಳಂದೂರು ಕೆರೆಯ ನೊರೆ, ಆ ಕೆರೆಗೆ ಹತ್ತಿದ ಬೆಂಕಿ ಇಡೀ ದೇಶ ನೋಡಿದೆ.

ಹಾಗಾದರೆ ಕೊಳಚೆ ಎಲ್ಲಿಂದ ಬರುತ್ತಿದೆ? ನಮಗೆ ಅದನ್ನು ಹೇಳಿಕೊಟ್ಟದ್ದು ನಿಮ್ಮದೇ ಒಬ್ಬ ಪೌರಕಾರ್ಮಿಕರು. ಬೀದಿಯ ಮಕ್ಕಳೆಲ್ಲ ಅವರನ್ನು ಅಣ್ಣ ಅಂತ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮನ್ನು ಕಾಲುವೆಯ ಉದ್ದಕ್ಕೂ ನಡೆಸಿಕೊಂಡು ಹೋದರು. ಕೈಯಲ್ಲಿ ಒಂದು ಬಿದಿರು ಕೋಲು. ಗಿಡ ಸರಿಸಿ, ಕಲ್ಲು ಸರಿಸಿ, ಇಲ್ಲೊಂದು ನೋಡಿ ಮೇಡಂ, ಇಲ್ಲೊಂದು ನೋಡಿ ಅಂತ ತೋರಿಸುತ್ತಾ ಹೋದರು. ಒಂದು ಕಡೆ ಯುಜಿಡಿ, ಅಂದರೆ ಒಳಚರಂಡಿ ಲೈನು ಪದೇ ಪದೇ ಕಟ್ಟಿಕೊಳ್ಳುತ್ತದೆ ಅಂತ ಮ್ಯಾನ್‌ಹೋಲ್‌ನಿಂದಲೇ ಪೈಪು ಕೊಯ್ದು ಕಾಲುವೆಗೆ ಬಿಟ್ಟಿದ್ದಾರೆ. ಇನ್ನೊಂದು ಕಡೆ ಲೇಔಟ್ ಮೊದಲು ಬಂತು, ಒಳಚರಂಡಿ ಆಮೇಲೆ ಬಂತು, ಮನೆಗಳ ಹಳೇ ಕನೆಕ್ಷನ್ ಮಾತ್ರ ಬದಲಾಗಲೇ ಇಲ್ಲ. ಇನ್ನು ಕೆಲವು ಕಡೆ ಯಾರು ಯಾವಾಗ ಬಿಟ್ಟರೋ, ನಾಲ್ಕಿಂಚಿನ ಪೈಪು ಗೋಡೆಯಿಂದ ಹೊರಗೆ ಬಂದಿದೆ ಅಷ್ಟೇ. ಶಾಲೆಯ ಹಿಂದಿನಿಂದ ಕೆರೆಯ ಬಾಯಿಯ ತನಕ ಎಣಿಸಿದರೆ 23 ಪೈಪು.

ಅವತ್ತು ಅಣ್ಣ ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. "ಕಾಗದದಾಗೆ ಇದು ಮಳೆನೀರು ಕಾಲುವೆ ಮೇಡಂ. ಹೂಳು ತೆಗೀರಿ ಅಂತ ಇಳಿಸ್ತಾರೆ. ಇಳಿದ್ರೆ ಕಕ್ಕಸ್ ನೀರು." ಯೋಚನೆ ಮಾಡಿ ಆಯುಕ್ತರೇ. ರಕ್ಷಣೆಯ ಸಾಧನ ಇಲ್ಲದೆ ಕೊಳಚೆ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾಯ್ದೆ ಇದೆ. ಆದರೆ ಕಾಲುವೆಗೆ ಮಳೆನೀರು ಅನ್ನುವ ಹೆಸರು ಇರುವುದರಿಂದ ಅದೇ ಗಲೀಜಿಗೆ ಅದೇ ಮನುಷ್ಯ ಬರಿಗಾಲಲ್ಲಿ ಇಳಿಯುತ್ತಾನೆ. ಮೀನಿನ ಕಥೆ ಅಂತ ಶುರುವಾದದ್ದು ಅವತ್ತೇ ಮನುಷ್ಯರ ಕಥೆಯೂ ಆಯಿತು.

ನಾವು ದೂರು ಕೊಟ್ಟೆವು. ಪಾಲಿಕೆಯ ಆ್ಯಪ್‌ನಲ್ಲಿ ಕೊಟ್ಟೆವು, ವಾರ್ಡ್ ಆಫೀಸಿನಲ್ಲಿ ಬರೆದೂ ಕೊಟ್ಟೆವು. ಆ್ಯಪ್‌ನಲ್ಲಿ ಕೆಲವು ದಿನಕ್ಕೆ "ಪರಿಹರಿಸಲಾಗಿದೆ" ಅಂತ ಬಂತು. ಹೋಗಿ ನೋಡಿದರೆ ಪೈಪು ಹಾಗೇ ಸುರಿಯುತ್ತಿತ್ತು.

ಆಗ ಮಕ್ಕಳ ಜೊತೆ ಕೂತು ಯೋಚಿಸಿದೆವು. ದೂರನ್ನು ಆ್ಯಪ್ ಒಳಗೆ ಯಾರು ಬೇಕಾದರೂ ಮುಚ್ಚಬಹುದು. ಗೋಡೆ ಮೇಲೆ ಬರೆದರೆ? ಪ್ರತಿ ಪೈಪಿನ ಮೇಲೂ ಒಂದು ಸತ್ತ ಮೀನು ಬರೆಯೋಣ, ಹೊಟ್ಟೆ ಮೇಲಾಗಿ ಮಲಗಿದ್ದು, ಇದ್ದಿಲಿನ ಕಪ್ಪಿನಲ್ಲಿ. ಕೆಳಗೆ ಒಂದು ನಂಬರು. ಮಳೆನೀರು ಮಾತ್ರ ಬರುವ ಕಂಡಿಗಳ ಮೇಲೆ ಕೆಮ್ಮಣ್ಣಿನ ಕೆಂಪು ಮೀನು, ಕೆರೆಯ ಕಡೆ ಮುಖ ಮಾಡಿ ಈಜುತ್ತಿರುವುದು. ಪೈಪು ಮುಚ್ಚಿದ ದಿನ ಆ ಕಪ್ಪು ಮೀನನ್ನು ತಿರುಗಿಸಿ ಕೆಂಪು ಮಾಡುವುದು, ಪಕ್ಕದಲ್ಲಿ ತಾರೀಖು ಹಾಕುವುದು. ಪೇಂಟು ಬೇಡ, ಅದೂ ಕೊನೆಗೆ ಕಾಲುವೆಗೇ ಇಳಿಯುತ್ತದೆ. ಕೆಮ್ಮಣ್ಣು, ಸುಣ್ಣ, ಇದ್ದಿಲು, ಸ್ವಲ್ಪ ಗೋಂದು. ಮಳೆಗೆ ಮಾಸುತ್ತದೆ, ಮಾಸಲಿ, ವರ್ಷಕ್ಕೊಮ್ಮೆ ಮತ್ತೆ ನಡೆದು ಮತ್ತೆ ಎಣಿಸಿ ಮತ್ತೆ ಬರೆದರಾಯಿತು.

ನಾನು ಬರೀ ಮೀನಿನ ಅಚ್ಚು ಕತ್ತರಿಸಿ ಕೊಟ್ಟೆ. ಅಚ್ಚು ಯಾರಿಗೂ ಸಾಲಲಿಲ್ಲ. ಹಾಲಿನ ಬೂತಿನ ಅಮ್ಮ ತಮ್ಮ ಮೀನಿಗೆ ರಂಗೋಲಿಯ ಎಳೆ ಎಳೆದರು. 14ನೇ ಪೈಪಿನ ಹತ್ತಿರ ಸೈಕಲ್ ರಿಪೇರಿ ಮಾಡುವ ತಾತ ಬಂದು, ಮೊದಲು ಈ ಕೆರೆಯಲ್ಲಿ ಕುಚ್ಚು ಮೀನು ಸಿಗುತ್ತಿತ್ತು, ಮೀಸೆ ಇಲ್ಲದ ಮೀನು ಬರೆದರೆ ನಾನು ಒಪ್ಪಲ್ಲ ಅಂದರು. ಅವರೇ ನಡುಗುವ ಕೈಯಲ್ಲಿ ಮೀಸೆ ಬರೆದರು. ಎರಡು ಮೀಸೆ ಒಂದು ಕಡೆಗೆ, ಒಂದು ಮೀಸೆ ಇನ್ನೊಂದು ಕಡೆಗೆ. ಉಸಿರಿನ ಪ್ರಶ್ನೆ ಕೇಳಿದ ಆ ಹುಡುಗಿ ಕೊನೆಯ ಮೀನು ಬರೆದಳು, 23ನೆಯದು, ಕೆರೆಯ ಬಾಯಲ್ಲಿ. ಬಾಯಿ ತೆರೆದುಕೊಂಡಿರುವ ಮೀನು. ನಿಮ್ಮ ಅಣ್ಣ ಡ್ಯೂಟಿ ಮುಗಿಸಿ ಬಂದು ಎಲ್ಲ ನಂಬರೂ ತಾವೇ ಬರೆದರು, ಯಾಕೆಂದರೆ ಯಾವುದು ಎಷ್ಟನೆಯದು ಅಂತ ಅವರಿಗೊಬ್ಬರಿಗೇ ಸರಿಯಾಗಿ ಗೊತ್ತಿದ್ದದ್ದು.

ಅದಾದ ಮೇಲೆ ನಾನು ಎಣಿಸಿರದ ಸಂಗತಿಗಳು ನಡೆದವು. ಸಂಜೆ ವಾಕಿಂಗ್ ಬರುವವರು ಮೀನು ಎಣಿಸಲು ಶುರು ಮಾಡಿದರು. ಒಂದು ಮನೆಯವರು ತಮ್ಮ ಗೋಡೆಯ ಹತ್ತಿರದ ಕಪ್ಪು ಮೀನು ನೋಡಿ, ಇದು ನಮ್ಮ ಮನೆಯ ಪೈಪಾ ಅಂತ ಕೇಳಿಕೊಂಡು ಬಂದು, ತಾವೇ ಪ್ಲಂಬರ್ ಕರೆಸಿ ಒಳಚರಂಡಿಗೆ ಕನೆಕ್ಷನ್ ಮಾಡಿಸಿಕೊಂಡರು. ಅವತ್ತು 7ನೇ ಮೀನು ಕೆಂಪಾಯಿತು. ಆ ಮನೆಯ ಅಜ್ಜಿ ಮಕ್ಕಳಿಗೆಲ್ಲ ಕಡಲೆಪುರಿ ಹಂಚಿದರು. ಯಾರೂ ಯಾರನ್ನೂ ಬೈಯಲಿಲ್ಲ. ನೋಟಿಸು, ಜಗಳ, ಕೋರ್ಟು ಇಲ್ಲದೆ ಒಂದು ಪೈಪು ಮುಚ್ಚಿತು, ಆಯುಕ್ತರೇ.

ನಾವೇನೂ ಲೋಕದಲ್ಲಿ ಇಲ್ಲದ್ದನ್ನು ಮಾಡಲಿಲ್ಲ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ ನೀವು ನೋಡಿಯೇ ಇರುತ್ತೀರಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ನಿಂತ ರಸ್ತೆ ಗುಂಡಿಯೊಳಗೆ ದೊಡ್ಡ ಮೊಸಳೆಯನ್ನು ಮಾಡಿ ಇಟ್ಟರು. ಜನ ನಿಂತು ನೋಡಿದರು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲು ಇನ್ನು ಕೆಲವೇ ದಿನ ಇದ್ದಾಗ, ಹೇರೋಹಳ್ಳಿ ಕಡೆಯ ಗುಂಡಿ ಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷ ಹಾಕಿಸಿ ನಟರೊಬ್ಬರನ್ನು ನಿಧಾನವಾಗಿ ನಡೆಸಿದರು. ಚಂದ್ರನ ಮೇಲೆ ನಡೆದ ಹಾಗೇ ಕಾಣುತ್ತಿತ್ತು, ಪಕ್ಕದಲ್ಲಿ ಆಟೋ ಹೋಗುವ ತನಕ. ಎರಡೂ ಸಲ ಬೇಗನೇ ರಿಪೇರಿ ಆಯಿತು. ನನಗೆ ಅವರ ಮೇಲೆ ಬಹಳ ಗೌರವ ಇದೆ. ಆದರೆ ಪಾಲಿಕೆಗಳು ಅವರಿಂದ ಕಲಿತ ಪಾಠ ತಪ್ಪು ಅಂತ ನನ್ನ ಅಭಿಪ್ರಾಯ. ಚಿತ್ರ ವೈರಲ್ ಆದರೆ ಆ ಒಂದು ಗುಂಡಿ ಮುಚ್ಚಿದರೆ ಸಾಕು, ಮರ್ಯಾದೆ ಉಳಿಯಿತು ಅನ್ನುವ ಪಾಠ ಅದು. ಒಂದೇ ದಿನದಲ್ಲಿ ಮುಚ್ಚಲು ಆಗುತ್ತದೆ ಅಂತಾದರೆ ಅಲ್ಲಿಯವರೆಗೆ ಯಾಕೆ ಮುಚ್ಚಿರಲಿಲ್ಲ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಪಕ್ಕದ ರಸ್ತೆಯ ಗುಂಡಿಗೆ ಮೊಸಳೆ ಯಾರು ತಂದಿಡಬೇಕು?

ಅದಕ್ಕೇ ನಾನು ಮಕ್ಕಳಿಗೆ ಮೊಸಳೆಯ ಜೊತೆಗೆ ಜರ್ಮನಿಯ ಕಲ್ಲುಗಳ ಕಥೆಯನ್ನೂ ಹೇಳಿದ್ದೆ. ಯೋಸೆಫ್ ಬಾಯ್ಸ್ ಅಂತ ಒಬ್ಬ ಕಲಾವಿದ. 1982ರಲ್ಲಿ ಕಾಸೆಲ್ ಅನ್ನುವ ಊರಿನ ಮ್ಯೂಸಿಯಂ ಎದುರಿನ ಹುಲ್ಲುಹಾಸಿನಲ್ಲಿ 7,000 ಕರಿಕಲ್ಲು ರಾಶಿ ಹಾಕಿಸಿದ. ಊರಿನಲ್ಲಿ ಒಂದು ಗಿಡ ನೆಟ್ಟರೆ ರಾಶಿಯಿಂದ ಒಂದು ಕಲ್ಲು ಎತ್ತಿ ಆ ಗಿಡದ ಪಕ್ಕ ನಿಲ್ಲಿಸಬೇಕು. ಗಿಡ ನೆಡದಿದ್ದರೆ ರಾಶಿ ಕರಗುವುದಿಲ್ಲ, ಊರಿನ ನಡುವೆ ಹಾಗೇ ಬಿದ್ದಿರುತ್ತದೆ. ಮೊದಮೊದಲು ಜನ ಸಿಟ್ಟಾದರು, ನಮ್ಮ ಚೌಕ ಹಾಳಾಯಿತು ಅಂದರು. ಆಮೇಲೆ ಅವರೇ ಗಿಡ ನೆಟ್ಟರು, ಬೀದಿಯವರು, ಶಾಲೆಗಳವರು. ಬಾಯ್ಸ್ 1986ರಲ್ಲಿ ತೀರಿಕೊಂಡ. ಮರುವರ್ಷ ಕೊನೆಯ ಗಿಡವನ್ನು ಅವನ ಮಗ ನೆಟ್ಟ. ಚೌಕದಲ್ಲಿ ರಾಶಿ ಇರಲಿಲ್ಲ, ಊರ ತುಂಬ ಮರಗಳಿದ್ದವು. ಆ ಕಲ್ಲಿನ ರಾಶಿ ನೋಡಲು ಚಂದ ಇರಲಿಲ್ಲ. ಅದು ಎಲ್ಲರ ಕಣ್ಣೆದುರು ಇಟ್ಟ ಲೆಕ್ಕ. ನಮ್ಮ ಕಪ್ಪು ಮೀನುಗಳೂ ಅದೇ.

ಈಗ ನಿಮ್ಮ ಪಾಲಿಕೆಯ ಕಡೆಯಿಂದ ಏನಾಯಿತು ಅಂತ ಹೇಳುತ್ತೇನೆ. ದೊಡ್ಡವರೊಬ್ಬರು ಕೆರೆ ನೋಡಲು ಬರುವುದಿತ್ತು. ಅದರ ಹಿಂದಿನ ರಾತ್ರಿ ಕಾಲುವೆ ಗೋಡೆಗೆ ಸುಣ್ಣ ಬಳಿದರು. ಬೆಳಿಗ್ಗೆ ಮಕ್ಕಳು ಶಾಲೆಗೆ ಬರುವಾಗ ಗೋಡೆ ಪೂರ್ತಿ ಬೆಳ್ಳಗಿತ್ತು. ಆ ವಾರದಲ್ಲೇ ಅದರ ಮೇಲೆ ನವಿಲು, ಸೂರ್ಯೋದಯ, ಸ್ವಚ್ಛತೆಯ ಘೋಷಣೆ ಬಂದವು. ನವಿಲು ಬರೆದ ಕಲಾವಿದರ ಮೇಲೆ ನನಗೆ ಕೋಪ ಇಲ್ಲ, ಅವರಿಗೂ ಸಂಸಾರ ಇದೆ, ಕೈ ಚೆನ್ನಾಗಿದೆ. ಆದರೆ 9ನೇ ಪೈಪು ಈಗ ಆ ನವಿಲಿನ ಕಾಲ ಬುಡದಲ್ಲಿ ಸುರಿಯುತ್ತಿದೆ. 22 ಕಪ್ಪು ಮೀನು ಹೋದವು, ಕೆಂಪಾಗಿದ್ದ ಆ ಒಂದು ಮೀನೂ ಹೋಯಿತು. ಪೈಪುಗಳು ಮಾತ್ರ 22 ಇನ್ನೂ ಇವೆ. ಹೋಗಿ ಎಣಿಸಿ ಬಂದಿದ್ದೇನೆ.

ವಿಚಾರಿಸಲು ಹೋದಾಗ ಅಧಿಕಾರಿಯೊಬ್ಬರು, ಸಾರ್ವಜನಿಕ ಗೋಡೆ ವಿರೂಪ ಮಾಡಿದ್ದಕ್ಕೆ 1981ರ ಕಾಯ್ದೆಯಲ್ಲಿ ಕೇಸು ಹಾಕಬಹುದು ಅಂದರು. ಆ ಕಾಯ್ದೆ ನಾನೂ ಓದಿದೆ. ಜಾಹೀರಾತು, ಪೋಸ್ಟರುಗಳಿಂದ ಊರಿನ ಗೋಡೆಗಳನ್ನು ಕಾಪಾಡಬೇಕು ಅಂತ ಬಂದ ಕಾಯ್ದೆ ಅದು, ಒಳ್ಳೆಯ ಕಾಯ್ದೆಯೇ. ಅನುಮತಿ ಬೇಕು ಅನ್ನುವುದೂ ಸರಿ. ನಾವು ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದೆವು, ಸೀಲು ಬಿದ್ದ ಪ್ರತಿ ನನ್ನ ಹತ್ತಿರ ಇದೆ, ಎರಡು ತಿಂಗಳು ಉತ್ತರ ಬರಲಿಲ್ಲ. ಉತ್ತರ ಬರದೆ ಬರೆದದ್ದು ತಪ್ಪು ಅಂತಾದರೆ ಒಪ್ಪಿಕೊಳ್ಳುತ್ತೇನೆ. ದಂಡ ನನ್ನ ಹೆಸರಿಗೆ ಹಾಕಿ, ಕಟ್ಟುತ್ತೇನೆ. ಮಕ್ಕಳ ಹೆಸರು, ಶಾಲೆಯ ಹೆಸರು ಬೇಡ.

ಆದರೆ ಒಂದು ವಿಷಯವನ್ನು ನಾನು ಒಪ್ಪಲು ಸಾಧ್ಯವೇ ಇಲ್ಲ. ಅಣ್ಣನನ್ನು ಬೇರೆ ವಾರ್ಡಿಗೆ ಹಾಕಿದ್ದಾರೆ. ಮನೆಯಿಂದ ಎರಡು ಬಸ್ಸು ಬದಲಿಸಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಹೋಗಬೇಕು. ಕಾರಣ ಯಾರೂ ಬರೆದು ಕೊಟ್ಟಿಲ್ಲ. "ನಂಬರ್ ಹಾಕೋಕೆ ನಿನಗ್ಯಾರು ಹೇಳಿದ್ದು" ಅಂತ ಮೇಸ್ತ್ರಿ ಕೇಳಿದರಂತೆ, ಅಷ್ಟೇ. ಕಾಲುವೆಯ ಒಂದೊಂದು ಪೈಪನ್ನೂ ಬಲ್ಲ ಒಬ್ಬ ಮನುಷ್ಯ ನಿಮ್ಮ ಬಳಿ ಇದ್ದರು. ಆ ತಿಳಿವಳಿಕೆ ಯಾವ ಡ್ರೋನ್ ಸರ್ವೆಯಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದು ಕಾಲಿಟ್ಟು ಕಲಿತದ್ದು. ಅವರನ್ನು ಕೂರಿಸಿ ನಕ್ಷೆ ಬರೆಸಿಕೊಳ್ಳಬೇಕಿತ್ತು. ಅದರ ಬದಲು ಆ ಕಾಲುವೆಯಿಂದಲೇ ದೂರ ಮಾಡಿದಿರಿ.

ನ್ಯೂಯಾರ್ಕ್ ನಗರದಲ್ಲಿ ಮಿಯರ್ಲ್ ಲಾಡರ್‌ಮನ್ ಯೂಕಲೀಸ್ ಅಂತ ಒಬ್ಬ ಕಲಾವಿದೆ ಇದ್ದಾರೆ. ಅಲ್ಲಿಯ ಕಸ ವಿಲೇವಾರಿ ಇಲಾಖೆ 1977ರಿಂದ ಅವರನ್ನು ಇಲಾಖೆಯ ಒಳಗೇ ಕಲಾವಿದೆಯಾಗಿ ಇಟ್ಟುಕೊಂಡಿತು, ಸಂಬಳ ಇಲ್ಲ, ಕೂರಲು ಜಾಗ ಮಾತ್ರ. 1979ರಿಂದ ಮರುವರ್ಷದ ತನಕ ಅವರು ಊರೆಲ್ಲ ಸುತ್ತಿ ಸುಮಾರು 8,500 ಕಸದ ಕೆಲಸಗಾರರ ಕೈ ಕುಲುಕಿದರು, ನ್ಯೂಯಾರ್ಕನ್ನು ಬದುಕಿಸಿ ಇಟ್ಟಿದ್ದಕ್ಕೆ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದರು. ಅದೇ ಅವರ ಕಲೆ. ಅದನ್ನು ಓದಿದ ದಿನ ನಾನು ಅಣ್ಣನ ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ದೆ. ಅವರು ನಾಚಿಕೊಂಡು, ಕೈ ಗಲೀಜಾಗಿದೆ ಮೇಡಂ ಅಂತ ಹಿಂದಕ್ಕೆ ಎಳೆದುಕೊಂಡರು. ಇಷ್ಟು ವರ್ಷ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ ಅಂತ ನನಗೆ ಆಗ ಅರ್ಥ ಆಯಿತು. ಅವರ ವರ್ಗಾವಣೆಗೆ ನಮ್ಮ ಮೀನುಗಳು ಕಾರಣ ಆದವಲ್ಲ ಅನ್ನುವ ನೋವಿನಲ್ಲೇ ಈ ಪತ್ರ ಬರೆಯುತ್ತಿದ್ದೇನೆ.

ಹಾಗಾಗಿ ನನ್ನ ಮೊದಲ ಕೋರಿಕೆ ಅಣ್ಣನ ಬಗ್ಗೆ. ಅವರನ್ನು ಅವರ ವಾರ್ಡಿಗೆ ವಾಪಸ್ ಕಳಿಸಿ, ಈ ತಿಂಗಳೇ. ಅವರು ಡ್ಯೂಟಿ ಸಮಯದಲ್ಲಿ ಬರೆಯಲಿಲ್ಲ, ಪಾಲಿಕೆಯ ಒಂದು ರೂಪಾಯಿ ಖರ್ಚು ಮಾಡಲಿಲ್ಲ, ಯಾರ ಮೇಲೂ ಆರೋಪ ಮಾಡಲಿಲ್ಲ. ನಂಬರು ಬರೆದರು. ಆಮೇಲೆ, ಆ 22 ಪೈಪುಗಳ ಹತ್ತಿರ ನಿಮ್ಮ ಇಂಜಿನಿಯರನ್ನೂ ಒಳಚರಂಡಿ ಇಲಾಖೆಯವರನ್ನೂ ಒಟ್ಟಿಗೆ ಕಳಿಸಿ. ಒಬ್ಬರೇ ಬಂದರೆ ಅದು ಅವರದ್ದು, ಇದು ಇವರದ್ದು ಅಂತ ಮಾತು ಅಲ್ಲಿಗೇ ನಿಲ್ಲುತ್ತದೆ, ಇದನ್ನು ನಾವು ಎರಡು ವರ್ಷದಿಂದ ನೋಡಿದ್ದೇವೆ. ಯಾವುದನ್ನು ಯಾವಾಗ ಮುಚ್ಚುತ್ತೀರಿ ಅಂತ ಪಟ್ಟಿ ಕೊಡಿ. ಎಲ್ಲವೂ ಒಂದೇ ತಿಂಗಳಲ್ಲಿ ಆಗುವುದಿಲ್ಲ ಅಂತ ನಮಗೂ ಗೊತ್ತು. ಮ್ಯಾನ್‌ಹೋಲ್‌ನಿಂದ ಬಿಟ್ಟಿರುವ ಆ ದೊಡ್ಡ ಪೈಪಿಗೆ ಹೊಸ ಲೈನೇ ಬೇಕು, ಅದಕ್ಕೆ ಹಣ ಬೇಕು, ಕಾಯುತ್ತೇವೆ. ಕಾಯುವುದಕ್ಕೆ ನಮಗೆ ಕಷ್ಟ ಇಲ್ಲ, ಕಾಯುತ್ತಿದ್ದೇವೆ ಅನ್ನುವುದು ಗೋಡೆಯ ಮೇಲೆ ಕಾಣಬೇಕು ಅಷ್ಟೇ. ಅಲ್ಲಿಯ ತನಕ ಆ ಕಾಲುವೆಗೆ ಯಾರನ್ನೂ ಬರಿಗೈ ಬರಿಗಾಲಲ್ಲಿ ಇಳಿಸಬೇಡಿ. ಕೊಳಚೆ ಹರಿಯುವ ಕಡೆ ಕೊಳಚೆಯ ನಿಯಮ ಪಾಲಿಸಿ.

ಮೀನುಗಳ ವಿಷಯ. ನವಿಲನ್ನು ಅಳಿಸಿ ಅಂತ ನಾನು ಕೇಳುತ್ತಿಲ್ಲ. ಪೈಪುಗಳ ಮೇಲೆ ಒಂದೊಂದು ಮೊಳ ಜಾಗ ಕೊಡಿ, ಅನುಮತಿಯನ್ನು ಕಾಗದದಲ್ಲಿ ಕೊಡಿ, ಇನ್ನೊಬ್ಬ ದೊಡ್ಡವರು ಬರುವ ಹಿಂದಿನ ರಾತ್ರಿ ಸುಣ್ಣ ಬಳಿಯುವುದಿಲ್ಲ ಅಂತ ಅದರಲ್ಲೇ ಬರೆಯಿರಿ. ಬೆಳಗ್ಗೆ ಮನೆ ಮುಂದೆ ರಂಗೋಲಿ ಹಾಕುವ ಹೆಂಗಸರು ಯಾರ ಹತ್ತಿರವೂ ಅನುಮತಿ ಕೇಳುವುದಿಲ್ಲ, ಬೀದಿ ಪಾಲಿಕೆಯದ್ದೇ ಆದರೂ. ಯಾಕೆಂದರೆ ಗುಡಿಸಿ, ನೀರು ಹಾಕಿ ಆಮೇಲೆ ರಂಗೋಲಿ ಹಾಕುತ್ತಾರೆ. ನಾವೂ ಕಾಲುವೆ ದಡ ಗುಡಿಸಿ, ಪ್ಲಾಸ್ಟಿಕ್ ಆಯ್ದು ಆಮೇಲೆ ಮೀನು ಬರೆದವರು.

ಇನ್ನೊಂದು ಸಣ್ಣ ಕೋರಿಕೆ, ಇದು ಮಕ್ಕಳದ್ದು. ಪೈಪು ಮುಚ್ಚಿದ ದಿನ ಆ ಕೆಲಸ ಮಾಡಿದ ಕಾರ್ಮಿಕರೇ ಮೀನಿಗೆ ಕೆಂಪು ಬಳಿಯಬೇಕು, ನಾವು ಅಲ್ಲ. ನೀವೂ ಒಂದು ದಿನ ಬನ್ನಿ. ಕ್ಯಾಮೆರಾ ತಂದರೂ ಪರವಾಗಿಲ್ಲ, ಫೋಟೋದಲ್ಲಿ ಪೈಪು ಕಾಣಲಿ.

ಮುಂಗಾರಿಗೆ ಹೆಚ್ಚು ದಿನ ಇಲ್ಲ. ಮೊದಲ ಮಳೆಗೆ ಮುಂಚೆ ಹೂಳು ತೆಗೆದು, ಸುಲಭದ ಐದಾರು ಪೈಪುಗಳನ್ನಾದರೂ ಮುಚ್ಚಿದರೆ ಈ ವರ್ಷ ಕೆರೆಯಲ್ಲಿ ಅಷ್ಟು ಮೀನು ಸಾಯದೆ ಇರಬಹುದು. ಸುಲಭದವು ಯಾವುವು ಅಂತ ಅಣ್ಣನನ್ನು ಕೇಳಿ, ಹೇಳುತ್ತಾರೆ. 3, 4, 11 ಮತ್ತು 14 ಅಂತ ಅವರು ನನಗೆ ಹೇಳಿದ್ದ ನೆನಪು. 14ರ ಮೀಸೆ ಬರೆದ ತಾತನಿಗೆ ಈಗ ಕಣ್ಣು ಮಂಜಾಗಿದೆ, ಅದನ್ನು ಮೊದಲು ಮಾಡಿದರೆ ಒಳ್ಳೆಯದು.

ಕೆಮ್ಮಣ್ಣು ನೆನೆಹಾಕಿ ಇಟ್ಟಿದ್ದೇವೆ. ಶಾಲೆಯ ಹಿಂದಿನ ಗೇಟಿನ ಹತ್ತಿರ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಇರುತ್ತೇವೆ.

ಇಂತಿ,
ರಾಜಕಾಲುವೆ ಪಕ್ಕದ ಶಾಲೆಯ ಡ್ರಾಯಿಂಗ್ ಟೀಚರ್
ಮತ್ತು ಮೀನು ಬರೆದ ಎಲ್ಲರ ಪರವಾಗಿ